ಇನ್ನೂರಕ್ಕೆ ಏರದ ಕಂಪ್ಯೂಟರು

ಬಂಗಾರಪೇಟೆಯಲ್ಲಿ ಸರಿಯಾದ ಸಮಯ ತೋರಿಸುವ ಗೋಡೆಗಡಿಯಾರವನ್ನು ನಾನು ಇದುವರೆಗೆ ಯಾರ ಮನೆಯಲ್ಲೂ ಕಂಡಿಲ್ಲ. ಕೆಟ್ಟುಹೋಗಿವೆಯೆಂದು ಅರ್ಥವಲ್ಲ; ಎಲ್ಲವೂ ಆರೋಗ್ಯವಾಗಿಯೇ ಇರುತ್ತವೆ. ಆದರೆ ಪ್ರತಿಯೊಂದನ್ನೂ ಆಯಾ ಮನೆಯ ಯಜಮಾನರು ಸ್ವಹಸ್ತದಿಂದ ಕೊಂಚ ಮುಂದಕ್ಕೆ ತಿರುಗಿಸಿಟ್ಟಿರುತ್ತಾರೆ. ಜಂಕ್ಷನ್ ಊರಿನವರ ಜಾಯಮಾನವೇ ಅದು. ರೈಲು ತಪ್ಪಬಾರದೆಂದು ಕಾಲವನ್ನೇ ಓಡಿಸುವುದು, ಆಮೇಲೆ ಹೇಗೂ ಗಡಿಯಾರ ಮುಂದಿದೆಯಲ್ಲ ಎಂದು ಇನ್ನೊಂದು ಲೋಟ ಕಾಫಿ ಕುಡಿಯುವುದು, ಕಡೆಗೆ ರೈಲಿನ ಬಾಲದ ದರ್ಶನ ಮಾಡಿಕೊಂಡು ಮನೆಗೆ ಮರಳುವುದು. ಹೀಗಾಗಿ ಯಂತ್ರವೊಂದನ್ನು ಅದರ ಸಹಜ ಗತಿಗಿಂತ ಜೋರಾಗಿ ಓಡಿಸುವ ವಿದ್ಯೆಗೆ ‘ಓವರ್‌ಕ್ಲಾಕಿಂಗ್’ ಎಂಬ ನಾಮಧೇಯವಿದೆಯೆಂದು ಗೆಳೆಯ ಆರುಮುಗಂ ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮೂರಿನ ಕುಲಕಸುಬಿಗೆ ಇಂಗ್ಲಿಷಿನವರೂ ಒಂದು ಹೆಸರಿಟ್ಟು ಗೌರವಿಸಿದ್ದಾರೆಂದು ಸಂತೋಷವೇ ಆಯಿತು.

ಆರುಮುಗಂ ಕೆಜಿಎಫ್‌ನ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರು. ನಾನು ಬಂಗಾರಪೇಟೆಯಲ್ಲಿ ಕನ್ನಡ ಮೇಷ್ಟ್ರು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನೊಂದು ಹಳೆಯ ಕಂಪ್ಯೂಟರನ್ನು ಮನೆಗೆ ತಂದಿದ್ದೆ. ಅದರ ಪ್ರೊಸೆಸರಿನ ವೇಗ ನೂರ ಅರವತ್ತಾರು. ನೂರ ಅರವತ್ತಾರು ಏನು ಎಂದು ಕೇಳಿದರೆ ನಾನು ‘ಮೆಗಾಹರ್ಟ್ಸ್’ ಎಂದು ಗಂಭೀರವಾಗಿ ಉತ್ತರಿಸುತ್ತಿದ್ದೆ. ಕೇಳಿದವರೂ ಅಷ್ಟೇ ಗಂಭೀರವಾಗಿ ತಲೆದೂಗುತ್ತಿದ್ದರು. ವಿದ್ಯಾವಂತರ ನಡುವಿನ ಒಡಂಬಡಿಕೆಗಳು ಬಹುಮಟ್ಟಿಗೆ ಹೀಗೆಯೇ ಇರುತ್ತವೆ. ಪ್ರಶ್ನೆಪತ್ರಿಕೆ ಟೈಪು ಮಾಡಲು, ಇಸ್ಪೀಟಾಡಲು ಆ ವೇಗ ಧಾರಾಳವಾಗಿ ಸಾಕಾಗಿತ್ತು. ನಂಜಮ್ಮತ್ತೆ ಬರುವವರೆಗೆ.

ನಂಜಮ್ಮತ್ತೆ ನನ್ನ ತಂದೆಯ ತಂಗಿ. ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ ಎಮ್ಮೆ ಸಾಕಿಕೊಂಡು, ಡೈರಿಗೆ ಹಾಲು ಹಾಕಿಕೊಂಡು, ಸುತ್ತಲಿನವರಿಗೆಲ್ಲ ಬುದ್ಧಿ ಹೇಳಿಕೊಂಡು ಇದ್ದವಳು. ನನಗೆ ಬರುವ ಕನ್ನಡದಲ್ಲಿ ಒಳ್ಳೆಯದೆಂಬುದು ಏನಾದರೂ ಇದ್ದರೆ ಅದು ಪಠ್ಯಪುಸ್ತಕದ್ದಲ್ಲ, ಆಕೆಯ ಬೈಗುಳದ್ದು. ಒಂದು ಶನಿವಾರ ಶಾಲೆ ಮುಗಿಸಿ ಬರುವಷ್ಟರಲ್ಲಿ ಅತ್ತೆ ಜಗುಲಿಯ ಮೇಲೆ ಕೂತು ಎಲೆಅಡಿಕೆ ಚೀಲದಿಂದ ಮಿರಮಿರ ಮಿಂಚುವ ಒಂದು ತಟ್ಟೆಯನ್ನು ತೆಗೆಯುತ್ತಿದ್ದಳು. ಮೊಮ್ಮಗಳು ಸುಜಾತಳ ಮದುವೆಯ ಸೀಡಿ.

ಆ ಮದುವೆ ಕಾರ್ತೀಕದಲ್ಲಿ ಕುಪ್ಪಂನಲ್ಲಿ ನಡೆದಿತ್ತು. ಗಂಡನ್ನು ಗೊತ್ತುಮಾಡಿದವಳು ಸ್ವತಃ ಅತ್ತೆ. ಪಲಮನೇರಿನ ಬಸ್ ಕಂಡಕ್ಟರು ಹುಡುಗ. ಒಮ್ಮೆ ಅತ್ತೆಯ ರಾಗಿಮೂಟೆಯನ್ನು ತಾನೇ ಕೆಳಗಿಳಿಸಿಕೊಟ್ಟು, ಆಕೆ ತಲೆಗೆ ಸಿಂಬಿ ಸುತ್ತಿಕೊಂಡು ಮೂಟೆ ಹೊರುವವರೆಗೂ ಸೀಟಿ ಊದದೆ ಕಾದಿದ್ದನಂತೆ. ಸೀಟಿ ತಡೆದ ಕಂಡಕ್ಟರಿಗಿಂತ ಸಹನಶೀಲ ಅಳಿಯ ಎಲ್ಲಿ ಸಿಕ್ಕಾನು? ಸುಜಾತಳನ್ನು ಕೇಳಿದರೆ ‘ನಿನ್ನಿಷ್ಟ ಅಜ್ಜಿ’ ಎಂದಳು. ಅದರ ಮೇಲೆ ಮಾತಿಲ್ಲ. ಮದುವೆಯ ವಾರ ಅತ್ತೆಯ ಮನೆಯಲ್ಲಿ ಸೀತಾಳೆ ಸಿಡುಬು, ಅಂದರೆ ಅಮ್ಮ, ಎದ್ದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಆಕೆ ಹೊಸಿಲು ದಾಟುವಂತಿರಲಿಲ್ಲ. ಹೀಗೆ ತಾನೇ ಕಟ್ಟಿದ ಮದುವೆಯನ್ನು ತಾನೇ ಕಾಣದೆ, ‘ನಿನ್ನಿಷ್ಟ’ ಎಂಬ ಒಂದು ಪದವನ್ನು ಅಗಿದೂ ಅಗಿದೂ ನುಂಗಲಾರದೆ ಆಕೆ ಕೊರಗಿದ್ದಳು.

“ನಾಳೆ ಗಂಡ ಎಂಡ್ತಿ ಮೊದಲ್ನೇ ಸತಿ ನಮ್ಮನೇಗೆ ಬತ್ತಾರೆ ಕಣ್ಲಾ ಸೀನ,” ಎಂದಳು ಅತ್ತೆ. “ತಾಳಿ ಕಟ್ಟೋವಾಗ ಆ ಮಗ ಎಂಗಿದ್ಲು ಅಂತ ನಾನ್ ನೋಡ್ಬೇಕು. ಒಪ್ಪಿ ಕಟ್ಟುಸ್ಕೊಂಡ್ಳೋ, ನನ್ ದಾಕ್ಷಿಣ್ಯಕ್ಕೆ ಕತ್ತು ಕೊಟ್ಲೋ. ತಿಳೀದೇ ಅವಳ ಮಕ ಎಂಗ್ಲಾ ನೋಡ್ಲಿ?”

ನಮ್ಮೂರಿನ ಬಾಡಿಗೆ ಅಂಗಡಿಗಳಲ್ಲಿ ಇನ್ನೂ ಕ್ಯಾಸೆಟ್ಟಿನ ಕಾಲ. ಸೀಡಿ ನುಂಗಬಲ್ಲ ಬಾಯಿ ನನ್ನ ಕಂಪ್ಯೂಟರಿಗೆ ಮಾತ್ರ ಇತ್ತು. ಆದರೆ ನುಂಗಿದ್ದನ್ನು ಅರಗಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ನಾದಸ್ವರ ಮುಂದೆ ಹೋದರೆ ಚಿತ್ರ ಹಿಂದೆ ಉಳಿಯಿತು. ಪುರೋಹಿತರು ಬಾಯಿ ಮುಚ್ಚಿಕೊಂಡೇ ಮಂತ್ರ ಹೇಳಿದರು. ಸುಜಾತಳ ಮುಖ ಚೌಕಾಬಾರದ ಮನೆಗಳಂತೆ ಚೂರುಚೂರಾಯಿತು. ಈ ಕ್ಷಣ ತಾಳಿ ಹುಡುಗನ ಕೈಯಲ್ಲಿದೆ. ಮರುಕ್ಷಣ ಅದು ಹುಡುಗಿಯ ಕೊರಳಲ್ಲಿದೆ. ನಡುವಿನದನ್ನು ಯಂತ್ರ ಗುಳುಂ ಮಾಡಿತ್ತು. ಹಿಂದಕ್ಕೆ ತಂದು ಮತ್ತೆ ಹಾಕಿದರೂ ಅಲ್ಲೇ ಹಾರಿತು.

“ಮುಕ್ಯವಾದದ್ದೇ ತಿಂತದಲ್ಲೋ ನಿನ್ ಪೆಟ್ಟಿಗೆ,” ಎಂದಳು ಅತ್ತೆ. ಆ ದನಿಯಲ್ಲಿ ಹಾಸ್ಯವಿರಲಿಲ್ಲ.

ಅಷ್ಟರಲ್ಲಿ ಆರುಮುಗಂ ಬಂದ. ಶನಿವಾರಗಳಂದು ಇಸ್ಪೀಟಿಗೆ ಬರುವುದು ಅವನ ವ್ರತ. ಸಂಗತಿ ಕೇಳಿದೊಡನೆ ಅವನ ಕಣ್ಣು ಹೊಳೆಯಿತು. “ಮೇಷ್ಟ್ರೇ, ನೂರ ಅರವತ್ತಾರು ಸಾಲದು. ಇನ್ನೂರು ಬೇಕು. ಕೊಡೋಣ.” ಕೊಡುವುದು ಅವನ ಸ್ವಂತದ್ದೇನೋ ಎಂಬಂತೆ ಹೇಳಿ ಅವನು ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಒಳಗಿನ ಹಸಿರು ಹಲಗೆಯ ಮೇಲೆ ಮೊಳೆಗಳಂಥ ಸಣ್ಣ ಸಣ್ಣ ಕಡ್ಡಿಗಳು, ಅವುಗಳಿಗೆ ಅಕ್ಕಿಕಾಳಿನಷ್ಟು ಕಪ್ಪು ಟೋಪಿಗಳು. ಅವಕ್ಕೆ ಜಂಪರು ಎಂದು ಹೆಸರು. ಒಂದು ಟೋಪಿಯನ್ನು ಒಂದು ತಲೆಯಿಂದ ತೆಗೆದು ಪಕ್ಕದ ತಲೆಗೆ ಹಾಕಿದರೆ ನೂರ ಅರವತ್ತಾರು ಇನ್ನೂರಾಗುತ್ತದೆ. ಟೋಪಿ ಬದಲಾಯಿಸಿದೊಡನೆ ಯೋಗ್ಯತೆ ಏರುವ ಈ ವ್ಯವಸ್ಥೆ ಮನುಷ್ಯಲೋಕದಲ್ಲೂ ಇದೆಯಾದ್ದರಿಂದ ನಾನು ಶಂಕಿಸಲಿಲ್ಲ.

ಕಂಪ್ಯೂಟರು ಎದ್ದಿತು. ಪರದೆಯ ಮೂಲೆಯಲ್ಲಿ ‘ಇನ್ನೂರು’ ಎಂಬ ಅಂಕಿ ಮೂಡಿತು. ಮಗನ ಫಲಿತಾಂಶ ನೋಡುವ ತಂದೆಯಂತೆ ನಿಂತಿದ್ದೆ. ಸೀಡಿ ತಿರುಗಿತು, ನಾದಸ್ವರ ಚಿಮ್ಮಿತು, ವರಪೂಜೆಯ ತನಕ ಬಂದಿತು, ಪರದೆ ಕಪ್ಪಾಯಿತು. ಮತ್ತೆ ಹಚ್ಚಿದೆವು, ಈ ಬಾರಿ ವರಪೂಜೆಯೂ ಸಿಗಲಿಲ್ಲ. ಒಳಗಿನ ಮೆಮೊರಿ ಪಟ್ಟಿಗಳನ್ನು ಕಿತ್ತು ಒರೆಸಿ ಹಾಕಿದೆವು. ಪ್ರೊಸೆಸರಿಗೆ ಕರೆಂಟು ಒಂದು ಗುಟುಕು ಹೆಚ್ಚು ಕುಡಿಸುವ ಇನ್ನೊಂದು ಟೋಪಿಯನ್ನೂ ಸರಿಸಿದೆವು. ಆಗ ಇನ್ನೂ ಬೇಗ ಮೂರ್ಛೆ ಹೋಯಿತು.

ಆರುಮುಗಂ ಸೊಂಟದ ಮೇಲೆ ಕೈಯಿಟ್ಟು ನಮ್ಮೂರಿನ ಮೇಲೆ ತೀರ್ಪು ಕೊಟ್ಟ. “ತಪ್ಪು ಪೆಟ್ಟಿಗೇದಲ್ಲ, ನಿಮ್ಮ ಬಂಗಾರಪೇಟೆ ಕರೆಂಟಿಂದು. ಪಂಪ್‌ಸೆಟ್ಟು ಕುಡಿದು ಬಿಟ್ಟ ಎಂಜಲು ಕರೆಂಟು. ನಮ್ಮ ಲೈನಿಗೆ ಬನ್ನಿ ಪಾ, ಗಣಿ ಕರೆಂಟು ಹೆಂಗಿರುತ್ತೆ ತೋರಿಸ್ತೀನಿ.” ಕೆಜಿಎಫ್‌ನವರಿಗೆ ಚಿನ್ನ ಕರಗುತ್ತ ಬಂದ ಮೇಲೂ ಕರೆಂಟಿನ ಅಭಿಮಾನ ಕರಗಿರಲಿಲ್ಲ, ಊರೂರು ಲಾಂದ್ರ ಹಿಡಿದಿದ್ದಾಗಲೇ ತಾತಂದಿರು ಬಲ್ಬಿನ ಕೆಳಗೆ ಉಂಡವರು.

ಹೊರಟೆವು. ಪೆಟ್ಟಿಗೆ ಜಮಖಾನದಲ್ಲಿ ಸುತ್ತಿ ನನ್ನ ಹೆಗಲ ಮೇಲೆ, ಮಾನಿಟರು ಹಸುಗೂಸಿನಂತೆ ಆರುಮುಗಂನ ತೋಳಿನಲ್ಲಿ, ಕೀಬೋರ್ಡು ಮತ್ತು ಸೀಡಿ ಎಲೆಅಡಿಕೆಯ ಸಹವಾಸದಲ್ಲಿ ಅತ್ತೆಯ ಚೀಲದಲ್ಲಿ. ಮಾರಿಕುಪ್ಪಂ ರೈಲಿನಲ್ಲಿ ತರಕಾರಿ ಬುಟ್ಟಿಯವಳೊಬ್ಬಳು ಜಾಗ ಬಿಡುತ್ತ, “ಏನ್ ಸೋಮಿ, ಟೀವೀನ ತವರುಮನೇಗೆ ಕರ್ಕೊಂಡ್ ಓಯ್ತಾ ಇದೀರಾ?” ಎಂದಳು. “ಉಷಾರಿಲ್ಲ ಕಣಮ್ಮ, ಬಾಣಂತನಕ್ಕೆ,” ಎಂದು ಅತ್ತೆ ನಗದೇ ಉತ್ತರಿಸಿದಳು. ಉರಿಗಾಂ ದಾಟುವಷ್ಟರಲ್ಲಿ ಇಡೀ ಡಬ್ಬಿಗೆ ನಮ್ಮ ಸಮಸ್ಯೆ ತಿಳಿದಿತ್ತು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಪರಿಹಾರಗಳು ಬರುತ್ತಿದ್ದವು. ಹುಡುಗಿಯನ್ನೇ ಕೇಳಿಬಿಡಿ ಎಂಬ ಸರಳೋಪಾಯವನ್ನೂ ಯಾರೋ ಸೂಚಿಸಿದರು. “ಕೇಳುದ್ರೆ ಸುಳ್ಳೇಳ್ತಾಳೆ. ನನ್ ಮೊಮ್ಮಗಳು,” ಎಂದಳು ಅತ್ತೆ.

ಚಾಂಪಿಯನ್ ರೀಫ್ಸಿನ ‘ಲೈನು’ ಎಂಬ ಕಾರ್ಮಿಕರ ಸಾಲುಮನೆಯಲ್ಲಿ, ಆರುಮುಗಂನ ಗಣಿ ಕರೆಂಟಿನಲ್ಲಿ, ಕಂಪ್ಯೂಟರು ಇನ್ನೂರಕ್ಕೆ ಏರಿ ವರಪೂಜೆಗೆ ಬಂದು ಕಪ್ಪಾಯಿತು. ಅವನ ಮುಖ ಅದಕ್ಕಿಂತ ಕಪ್ಪಾಯಿತು. ಅಕ್ಕಪಕ್ಕದವರು ಬಾಗಿಲಲ್ಲಿ ಕೂಡಿದ್ದರಾದ್ದರಿಂದ ಇದು ಈಗ ಅವನ ಒಬ್ಬನ ಮಾನವಲ್ಲ, ಇಡೀ ಲೈನಿನ ಮಾನ.

ಆಗ ನನಗೊಂದು ಹೊಳಹು ಬಂದಿತು. ರೈಲಿನಲ್ಲಿ ತಣ್ಣಗಾಗಿ ಬಂದ ಪೆಟ್ಟಿಗೆ ಮೊದಲ ಸಲ ವರಪೂಜೆ ಮುಟ್ಟುತ್ತದೆ, ಎರಡನೆಯ ಸಲ ಮುಟ್ಟುವುದಿಲ್ಲ. ಅಂದರೆ ರೋಗ ವೇಗದ್ದಲ್ಲ, ಜ್ವರದ್ದು. ಮೇಜಿನ ಫ್ಯಾನನ್ನು ಪೆಟ್ಟಿಗೆಯ ಹೊಟ್ಟೆಗೆ ತಿರುಗಿಸಿ ಹಚ್ಚಿದೆವು. ವರಪೂಜೆ ದಾಟಿ ಕಾಶೀಯಾತ್ರೆಯ ಕೊಡೆಯವರೆಗೆ ಬಂದಿತು. ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹಾಗಾದರೆ ಪ್ರೊಸೆಸರಿನ ತಲೆಯ ಮೇಲೆ ಕೂತ ಲೋಹದ ಬಿಲ್ಲೆ, ಅದರ ಮೇಲಿನ ಪುಟ್ಟ ಫ್ಯಾನು ಏನು ಮಾಡುತ್ತಿವೆ? ಆರುಮುಗಂ ಕೊಂಡಿ ಎತ್ತಿ ಅವನ್ನು ಕಳಚಿದ. ಕಳಚಿದವನು ಹಾಗೆಯೇ ನಿಂತ.

ಪ್ರೊಸೆಸರಿನ ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ.

ಗಣಿಯ ವರ್ಕ್‌ಶಾಪಿನ ಪದ್ಧತಿ ಇದು, ಓದುಗರೇ: ಆಯುಧಪೂಜೆಯಲ್ಲಿ ಯಂತ್ರದ ಮೈಮೇಲೆ ಬೊಟ್ಟಿಟ್ಟು ಕೈತೊಳೆದುಕೊಳ್ಳುವುದು ಸೋಮಾರಿಗಳ ಭಕ್ತಿ, ನಿಜವಾಗಿ ದುಡಿಯುವ ಭಾಗ ಯಾವುದೋ ಅದನ್ನು ಬಿಚ್ಚಿ, ತೊಳೆದು, ಅದಕ್ಕೇ ವಿಭೂತಿ ಹಚ್ಚಬೇಕು. ಆ ವರ್ಷ ಆಯುಧಪೂಜೆಯಂದು ಆರುಮುಗಂ ನನ್ನ ಕಂಪ್ಯೂಟರಿಗೂ ಅದೇ ಮರ್ಯಾದೆ ಸಲ್ಲಿಸಿದ್ದ. ಒಳಗಿದ್ದ ಯಾವುದೋ ಬಿಳಿ ಅಂಟನ್ನು ಕೊಳೆಯೆಂದು ಒರೆಸಿ, ವಿಭೂತಿಯನ್ನು ನೀರಲ್ಲಿ ಕಲಸಿ ದಪ್ಪಗೆ ಬಳಿದು, ಬಿಲ್ಲೆ ಕೂರಿಸಿದ್ದ. ಅದು ಒಣಗಿ ಗೋಡೆಯಾಗಿತ್ತು. ಕಾವು ಹೊರಗೆ ಹೋಗಲು ದೇವರೇ ಅಡ್ಡ ನಿಂತಿದ್ದ. ನೂರ ಅರವತ್ತಾರರ ಕಾವನ್ನು ಯಂತ್ರ ಹೇಗೋ ಸಹಿಸಿಕೊಂಡಿತ್ತು. ಇನ್ನೂರರದ್ದು ಅದಕ್ಕೆ ಮೀರಿತ್ತು.

“ಮುರುಗಾ,” ಎಂದ ಆರುಮುಗಂ ಮೆಲ್ಲಗೆ. ಸ್ಪಿರಿಟ್ಟಿನ ಬಟ್ಟೆ ಹಿಡಿದವನ ಕೈ ಮುಂದಕ್ಕೆ ಹೋಗಲೊಲ್ಲದು. ಹಚ್ಚಿದ ವಿಭೂತಿಯನ್ನು ಅವನು ಒರೆಸುವುದಾದರೂ ಹೇಗೆ? ಅತ್ತೆಯೇ ಮುಂದೆ ಬಂದಳು. ಉಗುರಿನಿಂದ ನಾಜೂಕಾಗಿ ಕೆರೆದು, ಪುಡಿಯನ್ನು ಅಂಗೈಗೆ ತೆಗೆದುಕೊಂಡು, ಅವನ ಹಣೆಗೂ ನನ್ನ ಹಣೆಗೂ ಹಚ್ಚಿದಳು. “ಬೂಮಿಗ್ ಬೀಳ್ನಿಲ್ಲ, ಪಾಪ ಇಲ್ಲ. ಈಗ ಒರೆಸ್ರಪ್ಪ, ಒತ್ತಾಯ್ತದೆ.” ಆಂಡರ್ಸನ್‌ಪೇಟೆಯ ರೇಡಿಯೋ ರಿಪೇರಿಯ ಅಂಗಡಿಯಿಂದ ಕಾವು ದಾಟಿಸುವ ಬಿಳಿ ಅಂಟನ್ನು ಪೊಟ್ಟಣದಲ್ಲಿ ತಂದು, ತೆಳ್ಳಗೆ ಸವರಿ, ಬಿಲ್ಲೆ ಕೂರಿಸಿದೆವು.

ಸಂಜೆಯ ಬಿಸಿಲು ಇನ್ನೂ ಬಾಗಿಲಲ್ಲಿತ್ತು. ವರಪೂಜೆ ಬಂದಿತು, ಹೋಯಿತು. ಕಾಶೀಯಾತ್ರೆ ಹೋಯಿತು. ಪುರೋಹಿತರು ಬಾಯಿ ತೆರೆದು ಮಂತ್ರ ಹೇಳಿದರು. ಬಾಗಿಲಲ್ಲಿದ್ದವರೆಲ್ಲ ಒಳಗೆ ಬಂದು ಕೂತಿದ್ದರು. ಪರಿಚಯವೇ ಇಲ್ಲದ ಹುಡುಗಿಯ ಮದುವೆಗೆ ಅಷ್ಟೊಂದು ಉಸಿರು ಬಿಗಿಹಿಡಿದ ಬಂಧುಗಳು ಕುಪ್ಪಂನ ಛತ್ರದಲ್ಲೂ ಇದ್ದಿರಲಾರರು. ಗಟ್ಟಿಮೇಳ ಎದ್ದಿತು. ಹುಡುಗ ತಾಳಿ ಎತ್ತಿಕೊಂಡ. ಆ ಹೊತ್ತಿಗೆ ಸರಿಯಾಗಿ ಸುಜಾತ ತಲೆ ಬಗ್ಗಿಸಿದಳು, ಬಾಸಿಂಗದ ಮಲ್ಲಿಗೆಯೆಳೆಗಳು ಮುಂದಕ್ಕೆ ಜಾರಿದವು, ಮುಖ ಪೂರ್ತಿ ಮುಚ್ಚಿಹೋಯಿತು.

ಯಂತ್ರ ಗೆದ್ದಿತ್ತು, ಪರದೆಯಲ್ಲಿ ಒಂದು ಚೂರೂ ಒಡೆದಿರಲಿಲ್ಲ. ನೋಡಬೇಕಾದ ಮುಖ ಮಾತ್ರ ಹೂವಿನ ಹಿಂದಿತ್ತು. ಅತ್ತೆಯ ಕಡೆ ತಿರುಗುವ ಧೈರ್ಯವಾಗಲಿಲ್ಲ.

ಹುಡುಗ ಗಂಟು ಹಾಕಲು ತಡವರಿಸುತ್ತಿದ್ದ. ದಪ್ಪ ಮೊಗ್ಗಿನ ಜಡೆ ಅಡ್ಡವಾಗಿತ್ತು. ಅದನ್ನು ಸರಿಸಲು ಹಿಂದೆ ನಿಂತಿದ್ದ ನಾದಿನಿ ಕೈ ಚಾಚಿದಳು. ಆದರೆ ಅವಳ ಕೈ ಬರುವ ಮುಂಚೆಯೇ ಕೆಳಗಿನಿಂದ ಇನ್ನೊಂದು ಕೈ, ಮೊಣಕೈವರೆಗೆ ಮದರಂಗಿ ಹಾಕಿದ್ದ ಕೈ, ಮೇಲೆದ್ದು, ಆ ಭಾರದ ಜಡೆಯನ್ನು ಹಗುರಾಗಿ ಎತ್ತಿ ಪಕ್ಕಕ್ಕೆ ಹಿಡಿದುಕೊಂಡಿತು. ಗಂಟು ಬಿತ್ತು. ಕೈ ಇಳಿಯಿತು.

ಅತ್ತೆ ಪರದೆಯತ್ತ ಬೆರಳು ಚಾಚಿದಳು.

“ಜಡೆ ಅವಳೇ ಎತ್ಕೊಟ್ಲು,” ಎಂದಳು. “ಯಾರೂ ಏಳ್ನಿಲ್ಲ. ಅವಳೇ ಎತ್ಕೊಟ್ಲು, ನೋಡುದ್ಯಾ?”

ನೋಡಿದ್ದೆ. ಒಂದು ಉಸಿರಿನಷ್ಟು ಹೊತ್ತಿನ ಆ ಕೈಯನ್ನು ನೋಡಲೆಂದೇ ಅಷ್ಟೆಲ್ಲ ವೇಗ ಬೇಕಾಗಿತ್ತು ಎಂಬುದು ಆಗ ತಿಳಿಯಿತು. ಓಡುವುದು ಮುಂದೆ ಹೋಗುವುದಕ್ಕೆಂದೇ ನಾನು ಅಲ್ಲಿಯವರೆಗೆ ಭಾವಿಸಿದ್ದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಪರದೆಗೆ ಇನ್ನಷ್ಟು ಹತ್ತಿರ ಸರಿದು ಕೂತಳು.

“ಇನ್ನೊಂದ್ ದಪ ಆಕ್ಲಾ ಸೀನ. ಈ ಸತಿ ವಸಿ ನಿದಾನಕ್ಕೆ ಓಗ್ಲಿ.”

ಆರುಮುಗಂ ನನ್ನ ಮುಖ ನೋಡಿದ. ಅವನ ಕೈ ಆಗಲೇ ಸ್ಕ್ರೂಡ್ರೈವರಿನ ಕಡೆಗೆ ಹೋಗಿತ್ತು.