ರಾಜ ರಾಣಿಯ ರಟ್ಟಿನ ಪೆಟ್ಟಿಗೆ

ಹೊಸ ರಟ್ಟಿನ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ನವರಾತ್ರಿ ನೆನಪಾಗುತ್ತದೆ. ನಿನ್ನೆ ಪ್ಲೆಸೆಂಟನ್ನಿನ ನಮ್ಮ ಆಫೀಸಿನಲ್ಲಿ ಯಾರೋ ನಮ್ಮ ಕಂಪನಿ ಮುಂದೆ ತರಲಿರುವ ಸ್ಪೀಕರಿನ ಮಾದರಿ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದಾಗಲೂ ಹಾಗೇ ಆಯಿತು. ಜನ ಈ ಸ್ಪೀಕರುಗಳನ್ನು ಕೊಳ್ಳುವಂತೆ ಮಾಡುವುದೇ ನನ್ನ ಕೆಲಸ. ಒಂದು ಕೊಂಡರೆ ಇನ್ನೊಂದು ಅರ್ಧ ಬೆಲೆಗೆ ಎನ್ನುವುದು, 'ಇಂದೇ ಕೊನೆಯ ದಿನ' ಎಂದು ತಿಂಗಳುಗಟ್ಟಲೆ ಕೂಗುವುದು, ಎಲ್ಲ ನನ್ನದೇ. ಈ ವಿದ್ಯೆಗೆ ಒಂದಿಷ್ಟೂ ಮಣಿಯದ ಗಿರಾಕಿಯನ್ನು ನಾನು ಕಂಡಿರುವುದು ಒಬ್ಬರನ್ನೇ, ಸಾವಿತ್ರಿ ಆಂಟಿಯನ್ನು.

ಮಂಡ್ಯದ ಆಂಟಿ ಈ ದೇಶಕ್ಕೆ ಬಂದು, ನಮ್ಮ ಆಫೀಸಿಗೆ ಹತ್ತಿರದ ಡ್ಯಾನ್‌ವಿಲ್ಲಿನಲ್ಲಿ ನೆಲೆಸಿ ದಶಕಗಳಾದವು. ಅವರ ಮನೆಯ ದಸರಾ ಗೊಂಬೆಗಳಿಗೆ ಮೆಟ್ಟಿಲೆಂದರೆ ಟೀವಿ, ಪ್ರಿಂಟರು, ಸ್ಪೀಕರುಗಳ ಪೆಟ್ಟಿಗೆಗಳು. ಮೇಲೊಂದು ಬಿಳಿ ಪಂಚೆ. ಹಬ್ಬ ಮುಗಿದ ಮೇಲೆ ಗೊಂಬೆಗಳು ವರ್ಷವಿಡೀ ಮಲಗುವುದೂ ಅವೇ ಪೆಟ್ಟಿಗೆಗಳಲ್ಲಿ, ಥರ್ಮಕೋಲಿನ ನಡುವೆ. ಹಾಗಾಗಿ ಅಂಗಡಿಯಲ್ಲಿ ಆಂಟಿ ಕೇಳುವುದು ಪೆಟ್ಟಿಗೆಯ ಎತ್ತರವನ್ನು ಮಾತ್ರ. ಒಳಗಿನ ಸಾಮಾನು ಊರಿಂದ ಹೊಸದಾಗಿ ಬಂದವರ ಪಾಲು. ನಾನು ಬಂದ ವರ್ಷ, ಗುರುತು ಪರಿಚಯವಿಲ್ಲದ ನನ್ನ ಕೈಗೂ ಒಂದು ಬರಿಯ ಸ್ಪೀಕರ್ ಇಟ್ಟು, "ಇದನ್ನ ನೀನು ತಗೊಂಡ್ಹೋಗು, ನಂಗೆ ಬೇಕಾಗಿರೋದು ನನ್ಹತ್ರ ಇದೆ" ಎಂದಿದ್ದರು. ಅಂಕಲ್ ಸೋಫಾದಿಂದಲೇ ಗೊಣಗಿದ್ದರು: "ಕಾಯಿ ಹಂಚಿ ಚಿಪ್ಪು ಇಟ್ಕೊಳೋದು ಇವಳೊಬ್ಬಳೇ."

ಆಮೇಲಾಮೇಲೆ ಪೆಟ್ಟಿಗೆಗಳು ಸಣಕಲಾಗುತ್ತ ಬಂದವು. ಪರಿಸರಕ್ಕೂ ಒಳ್ಳೆಯದು, ಲಾರಿಯಲ್ಲೂ ಹೆಚ್ಚು ಹಿಡಿಯುತ್ತವೆ. ಎರಡನೆಯ ಕಾರಣವನ್ನು ಬಿಟ್ಟು ಮೊದಲನೆಯದನ್ನು ಜಾಹೀರಾತಿನಲ್ಲಿ ಹೊಗಳಿ ಹೊನ್ನಶೂಲಕ್ಕೇರಿಸಿದವಳು ನಾನೇ. ಈ ಸಲ ನವರಾತ್ರಿ ಹತ್ತಿರವಾದಾಗ ಆಂಟಿಯ ಗರಾಜಿನಲ್ಲಿ ವಾಟರ್ ಹೀಟರು ಸೋರಿ, ಪಟ್ಟದ ಗೊಂಬೆಗಳ ಪೆಟ್ಟಿಗೆ ನೆನೆದು ಮುದ್ದೆಯಾಯಿತು. ಅವರ ತಾಯಿ ಮದುವೆಯಲ್ಲಿ ಕೊಟ್ಟ ಮರದ ರಾಜ ರಾಣಿ ಅವು. ಪುಣ್ಯಕ್ಕೆ ಗೊಂಬೆಗಳಿಗೆ ಏನೂ ಆಗಲಿಲ್ಲ.

"ಈ ವರ್ಷ ಬೊಂಬೆ ಕೂರಿಸೋದು ಬೇಡ ಅನ್ಕೊಂಡೆ ಕಣೇ," ಎಂದು ಆಂಟಿ ಫೋನು ಮಾಡಿದರು. "ಕೂರಿಸಿದ್ಮೇಲೆ ಮಲಗಿಸ್ಬೇಕಲ್ಲ, ಎಲ್ಲಿ ಮಲಗಿಸ್ಲಿ? ಅಂಗಡೀಲಿರೋ ಬಾಕ್ಸೆಲ್ಲ ಚಪಾತಿ ಥರ ಆಗೋಗಿವೆ."

"ಪ್ಲಾಸ್ಟಿಕ್ ಡಬ್ಬ ತರ್ಲಾ ಆಂಟಿ?"

"ಉಸಿರಾಡೋದು ಬೇಡ್ವೇನೇ ಅವಕ್ಕೆ?"

ಅವರ ದನಿ ಅಷ್ಟು ಸಪ್ಪಗಿದ್ದುದನ್ನು ನಾನು ಎಂದೂ ಕೇಳಿರಲಿಲ್ಲ. ಈ ದೇಶದಲ್ಲಿ ನನಗೆ ಹಬ್ಬವೆಂದರೆ ಆಂಟಿ ಗೊಂಬೆ ಕೂರಿಸುವುದೇ. ಅದೊಂದು ಸಲ ನಿಂತರೆ ನಿಂತೇಹೋದೀತು ಎಂದು ಭಯವಾಯಿತು. ಶನಿವಾರ ಗಂಟೆ ದಾರಿಯ ಮಾರ್ಗನ್ ಹಿಲ್‌ವರೆಗೂ ಅಂಗಡಿ ಅಂಗಡಿ ಅಲೆದೆ. ಸೇಲ್ಸಿನವರು ಬ್ಲೂಟೂತು, ಬ್ಯಾಟರಿ, ಡಿಸ್ಕೌಂಟು ಎಂದು ನಾನು ಬರೆಯುವಂಥ ಮಾತುಗಳನ್ನೇ ನನಗೆ ಒಪ್ಪಿಸಿದರು. ಅದೆಲ್ಲ ಇರಲಿ, ಪೆಟ್ಟಿಗೆ ತೋರಿಸಿ ಎಂದೆ. ಕೊನೆಗೊಂದು ಸಿಕ್ಕಿತು: ಎತ್ತರದ್ದು, ದಪ್ಪ ರಟ್ಟಿನದು, ಒಳಗೆ ತುಂಬ ಥರ್ಮಕೋಲು. ಮಾಡಿದ್ದು ನಮ್ಮ ಪ್ರತಿಸ್ಪರ್ಧಿ ಕಂಪನಿ! ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರಲ್ಲ, ಅದನ್ನು ನಾನು ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದೆ.

ರಾಜ ರಾಣಿ ಅದರ ಮೇಲೆ ನಿಂತು ಹಬ್ಬವಿಡೀ ದರ್ಬಾರು ನಡೆಸಿದರು. ಪಂಚೆಯ ಅಂಚಿನಿಂದ ಪ್ರತಿಸ್ಪರ್ಧಿಯ ಹೆಸರು ಇಣುಕುತ್ತಿತ್ತು. ನಾನು ಅದಕ್ಕೂ ಸೇರಿಸಿಯೇ ಆರತಿ ಎತ್ತಿದೆ. ಹಬ್ಬ ಮುಗಿದ ಮೇಲೆ ಆಂಟಿ ಇಬ್ಬರನ್ನೂ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ, ಒಳಗೆ ಮಲಗಿಸಿ, "ನಂಗಿನ್ನು ಯೋಚ್ನೆ ಇಲ್ಲ" ಎಂದರು. ನನಗೆ ಕಣ್ಣು ತುಂಬಿ ಬಂತು.

ಇವತ್ತು ಆಫೀಸಿನಲ್ಲಿ ಮೀಟಿಂಗು. ಮ್ಯಾನೇಜರ್ ಆ ಮಾದರಿಯನ್ನು ಅಂಗೈಯಲ್ಲಿಟ್ಟು ತೋರಿಸಿ, "ಇಷ್ಟು ಚಿಕ್ಕ ಪ್ಯಾಕು ಬೇರೆ ಯಾರೂ ಮಾಡಿಲ್ಲ. ಆದರೂ ಜನ ನಮ್ಮ ಪ್ರತಿಸ್ಪರ್ಧಿಯದನ್ನೇ ಯಾಕೆ ಕೊಳ್ಳುತ್ತಾರೆ?" ಎಂದು ಕೇಳಿದ. ಎಲ್ಲರೂ ಗೋಡೆಯ ಮೇಲಿನ ಸ್ಲೈಡು ನೋಡಿದರು.

"ಅದರಲ್ಲಿ ರಾಜ ರಾಣಿ ಮಲಗಬಹುದು," ಎಂದುಬಿಟ್ಟೆ.

ಮ್ಯಾನೇಜರನ ಮುಖ ಅರಳಿತು. "ರಾಯಲ್ ಥೀಮು! ಹಾಲಿಡೇ ಸೀಸನ್ನಿಗೆ ಇದೇ ಇರಲಿ," ಎನ್ನುತ್ತ ಬೋರ್ಡಿನ ಮೇಲೆ ದೊಡ್ಡದೊಂದು ಕಿರೀಟ ಬರೆದ. ಮಾಮೂಲಿನಂತೆ ನಕ್ಕು ತಲೆಯಾಡಿಸಬೇಕಿತ್ತು. ಆಗಲಿಲ್ಲ.

"ಕಿರೀಟ ರಾಜ ರಾಣಿ ಹತ್ತಿರ ಆಗಲೇ ಇದೆ," ಎಂದೆ. "ಮರದವರು, ಕಾಲು ಮಡಿಸೋಕೆ ಬರಲ್ಲ. ಅವರಿಗೆ ಬೇಕಾಗಿರೋದು ಜಾಗ."