ಕಣಕುಂಬಿಯ ಸಿಸ್ಟರ್ ಕೇಳುತ್ತಿದ್ದದ್ದು

ಎಡಗಣ್ಣು ಮುಚ್ಚಿಹೋಗುವಷ್ಟು ಬಾತಿತ್ತು, ಹುಬ್ಬಿನ ಮೇಲೆ ಸುಣ್ಣದ ಬೊಟ್ಟಿತ್ತು, ಉಳಿದ ಒಂದೇ ಕಣ್ಣಿನಲ್ಲಿ ಅವರು ನಗುತ್ತಿದ್ದರು. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ಅವರನ್ನು ಮೊದಲು ನೋಡಿದ್ದು ಹಾಗೆ. ಜೇನು ಕಚ್ಚಿತ್ತು. ಕಣಕುಂಬಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿ ನಿವೃತ್ತರಾದ ಮೇಲೆ ಆ ಕಾಡು ಬಿಡಲು ಮನಸ್ಸಾಗದೆ, ಅಲ್ಲೇ ಹಿತ್ತಲಲ್ಲಿ ಜೇನುಪೆಟ್ಟಿಗೆ ಇಟ್ಟುಕೊಂಡು ಉಳಿದಿದ್ದರು. ಜೇನು ಸಾಕುವ ನಮ್ಮ ಬಳಗಕ್ಕೆಲ್ಲ ಅವರು ಸಿಸ್ಟರ್.

ಬಳಗವೆಂದರೆ ಒಂದು ಮೇಲಿಂಗ್ ಲಿಸ್ಟ್, ಅಷ್ಟೇ. ಒಬ್ಬರು ಕೇಳಿದ್ದು ಎಲ್ಲರಿಗೂ ಇಮೇಲಾಗಿ ಹೋಗುತ್ತಿತ್ತು, ಎಲ್ಲರಿಗಿಂತ ಮೊದಲು ಸಿಸ್ಟರ್ ಉತ್ತರ ಬರುತ್ತಿತ್ತು. ಬೆಳಗಾವಿಯ ಶಿವಬಸವ ನಗರದ ನಮ್ಮ ತಾರಸಿಯಲ್ಲಿ ಮಳೆಗಾಲಕ್ಕೆ ನನ್ನ ಹುಳುಗಳು ಸೊರಗಿದಾಗ ನಾನು ದೊಡ್ಡ ಪ್ರಬಂಧವನ್ನೇ ಬರೆದಿದ್ದೆ. "ಪೇಷಂಟ್ ಊಟಾ ಮಾಡ್ಯಾರೇನು?" ಎಂದು ಒಂದೇ ಸಾಲು ಬಂತು. ಸಕ್ಕರೆ ಪಾಕ ಇಡಿಸಿದರು. ಎರಡು ದಿನ ಬಿಟ್ಟು ತಾವೇ ಕೇಳಿದರು, "ಪೆಟ್ಟಿಗಿ ಏನಾತು?" ಆರಾಮಾಯಿತು ಅನ್ನುವವರೆಗೆ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಸಾಲದವರಿಗಿಂತ ಹೆಚ್ಚು ಬೆನ್ನು ಹತ್ತುತ್ತಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಆಮೇಲೆ ಬಂದ ಹುಡುಗರಿಗೆ ಇಮೇಲು ಹಿಡಿಸಲಿಲ್ಲ. ಫೋಟೊ ಹಾಕಲು, ಹಳೆಯದನ್ನು ಹುಡುಕಲು ಒಂದು ವೆಬ್ ಫೋರಂ ಶುರುವಾಯಿತು. ಕಣಕುಂಬಿಯ ನೆಟ್‌ವರ್ಕಿನಲ್ಲಿ ಆ ಪುಟ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುದಿದು ಆರಿರುತ್ತಿತ್ತು. ಸಿಸ್ಟರ್ ಕೈತಪ್ಪಬಾರದೆಂದು, ಬಳಗದ ಕಂಪ್ಯೂಟರ್ ಕೆಲಸವೆಲ್ಲ ನೋಡುವ ಖಾನಾಪುರದ ಗೆಳೆಯ ಎರಡನ್ನೂ ಜೋಡಿಸಿದ. ಫೋರಂನಲ್ಲಿ ಬರೆದದ್ದೆಲ್ಲ ಅವರಿಗೆ ಇಮೇಲಾಗಿ ಹೋಗುತ್ತಿತ್ತು, ಅವರು ಬರೆದ ಉತ್ತರ ಬಂದು ಪ್ರಶ್ನೆಯ ಕೆಳಗೇ ಕೂರುತ್ತಿತ್ತು. ನಾವು ಕುಂದಾ ತಿಂದು ಸಂಭ್ರಮಪಟ್ಟೆವು.

ಫೋರಂನಲ್ಲಿ ಮೆಚ್ಚುಗೆಗೆಂದು ಒಂದು ಕೆಂಪು ಹೃದಯದ ಗುರುತಿತ್ತು. ಸಿಸ್ಟರ್ ಉತ್ತರಗಳಿಗೆ ಎಲ್ಲರೂ ಅದನ್ನು ಒತ್ತಿದೆವು. ಅದು ಇಮೇಲಾಗಿ ಹೋಗುವುದಿಲ್ಲ ಎಂಬುದು ಯಾರ ತಲೆಗೂ ಬರಲಿಲ್ಲ. "ಪೆಟ್ಟಿಗಿ ಏನಾತು?" ಎಂದು ಅವರು ಕೇಳಿದರೆ ಆ ಪ್ರಶ್ನೆಗೂ ಹೃದಯವೇ ಬೀಳುತ್ತಿತ್ತು. ಬರಬರುತ್ತ ಅವರ ಉತ್ತರಗಳು ಕಡಿಮೆಯಾಗಿ ನಿಂತೇಹೋದವು. ವಯಸ್ಸಾಯಿತು, ಪಾಪ, ಅಂದುಕೊಂಡೆವು.

ಕಳೆದ ಚಳಿಗಾಲ ಕಣಕುಂಬಿಗೆ ಹೋದಾಗ ಯಾಕೆ ಬರೆಯುತ್ತಿಲ್ಲ ಎಂದು ಕೇಳಿದೆ. ಅವರು ಹೇಳಿದರು.

"ಕೂಸು ಆರಾಮಾದ್ರ ತಾಯಂದ್ರು ಹೇಳಾಕ ದವಾಖಾನಿಗೆ ಬರ್ತಿದ್ರು. ಬರಲಿಲ್ಲಂದ್ರ ಕೂಸು ಉಳದಿಲ್ಲ ಅಂತ ನಾನಽ ತಿಳಕೋತಿದ್ನಿ. ನನ್ನ ಮಾತು ಕೇಳಿ ಎಷ್ಟು ಪೆಟ್ಟಿಗಿ ಹಾಳಾದವೋ ಏನೋ. ಇನ್ನ ಹೇಳೂದು ಬ್ಯಾಡ ಅನಿಸ್ತು."

ಹೃದಯದ ಗುರುತಿನ ಕತೆ ಬಿಡಿಸಿ ಹೇಳಿದೆ, ಅವರ ಒಂದೊಂದು ಉತ್ತರದ ಕೆಳಗೂ ಅವು ಸಾಲುಗಟ್ಟಿವೆ ಎಂದೆ. ಅವರಿಗೆ ಅಷ್ಟು ಸಾಲಲಿಲ್ಲ.

"ಖರೇರಿ. ಆದ್ರ ಅದರಾಗ ಬದುಕಿದ್ವು ಯಾವು, ಸತ್ತವು ಯಾವು?"

ಅದನ್ನು ಯಾರೂ ಬರೆದಿರಲಿಲ್ಲ.

ವಾಪಸು ಬರುವಾಗ ಖಾನಾಪುರದಲ್ಲಿ ಇಳಿದು ಗೆಳೆಯನಿಗೆ ಹೇಳಿದೆ. ಅವನೂ ಬಹಳ ನೊಂದುಕೊಂಡ. ಹೃದಯ ಒತ್ತಿದರೂ ಇಮೇಲು ಹೋಗುವಂತೆ ಮೊದಲು ವ್ಯವಸ್ಥೆ ಸರಿಪಡಿಸುತ್ತೇನೆ, ಆಮೇಲೆ ಎಲ್ಲರಿಗೂ ತಿಳಿಸೋಣ ಎಂದ. ನನಗೂ ಅದೇ ಸರಿಯೆನಿಸಿತು. ಅವನು ರಜೆ ಸಿಕ್ಕಾಗಲೆಲ್ಲ ಕೂತು ಮಾಡುತ್ತಿದ್ದ, ನಾನು ಬೆಳಗಾವಿಯಿಂದ ಒತ್ತಿ ಒತ್ತಿ ಪರೀಕ್ಷಿಸುತ್ತಿದ್ದೆ. ಅದು ಮುಗಿಯುವ ಮೊದಲೇ ಸಿಸ್ಟರ್ ಜ್ವರದಲ್ಲಿ ತೀರಿಕೊಂಡ ಸುದ್ದಿ ಬಂತು.

ಸುದ್ದಿಯನ್ನು ಫೋರಂನಲ್ಲಿ ಹಾಕಿದೆ. ಸಾವಿನ ಸುದ್ದಿಗೆ ಹೃದಯ ಒತ್ತಲು ಯಾರಿಗೂ ಕೈ ಬರಲಿಲ್ಲವೇನೋ, ಆವತ್ತು ಎಲ್ಲರೂ ಬರೆದರು. "ಸಿಸ್ಟರ್ ಹೇಳಿದಂಗ ಮಾಡಿದ್ನಿ, ನಮ್ಮ ಪೆಟ್ಟಿಗಿ ಉಳೀತು, ಈಗ ಎರಡಾಗ್ಯಾವ" ಎಂದು ವಡಗಾವಿಯ ಒಬ್ಬ ನೇಕಾರ ಬರೆದ. ಅದರ ಕೆಳಗೆ ಇನ್ನೊಬ್ಬರದು ಉಳಿದಿತ್ತು, ಮತ್ತೊಬ್ಬರದೂ ಉಳಿದಿತ್ತು. ಈ ಒಂದೊಂದು ಸಾಲು ಬರೆಯಲು ಯಾವ ಹೊಸ ಜೋಡಣೆಯೂ ಬೇಕಿರಲಿಲ್ಲ. ಪೆಟ್ಟಿಗೆಗಳು ಉಳಿದವೆಂದು ತಿಳಿಯದೆಯೇ ಸಿಸ್ಟರ್ ಹೋದರು.