ಎರ್ಸಿಲಿಯಾ ಮೈಕು ಆರಿಸಿದ ದಿನ

ನಮ್ಮ ಮರೀನಾ ಕೊರ್ವಾರಾದ ಕಡಲತೀರದಲ್ಲಿ ಮಗುವನ್ನು ಕಳೆದುಕೊಂಡವರಿಗೆ ಎರಡು ಹೆದರಿಕೆ. ಮಗು ಸಿಗುತ್ತದೋ ಇಲ್ಲವೋ ಎಂಬುದು ಒಂದು. ಸಿಕ್ಕ ಮೇಲೆ ಎರ್ಸಿಲಿಯಾ ಮೈಕಿನಲ್ಲಿ ಏನು ಅಂದುಬಿಡುತ್ತಾಳೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೆದರಬೇಕಾಗಿಲ್ಲ. ಮೂವತ್ತನಾಲ್ಕು ಬೇಸಿಗೆಗಳಲ್ಲಿ ಅವಳು ಒಂದು ಮಗುವನ್ನೂ ಕೈಬಿಟ್ಟವಳಲ್ಲ. ಎರಡನೆಯದಕ್ಕೆ ಮಾತ್ರ ಹೆದರಲೇಬೇಕು.

ಬಂದರಿನ ಪಕ್ಕ ಎತ್ತರಿಸಿ ಕಟ್ಟಿದ ಗಾಜಿನ ಗೂಡು ಅವಳ ಕಚೇರಿ. ಅಲ್ಲಿಂದ ನಾಲ್ಕು ಕಿಲೋಮೀಟರ್ ಮರಳು, ಮರಳಿನುದ್ದಕ್ಕೂ ಬಾಡಿಗೆಗೆ ಕೊಡೆ, ಕುರ್ಚಿ ಹಾಕಿಕೊಡುವ ನಲವತ್ತು ಕಟ್ಟೆ. ಒಂದೊಂದು ಕಟ್ಟೆಗೂ ಒಬ್ಬೊಬ್ಬ ಯಜಮಾನ, ಒಂದೊಂದು ಬಣ್ಣದ ಕೊಡೆಗಳ ಸಾಲು, ಒಂದು ಕಂಬ, ಕಂಬದ ತುದಿಗೆ ಒಂದು ಸ್ಪೀಕರ್. ಅವಳು ಇಲ್ಲಿ ಕೆಮ್ಮಿದರೆ ನಲವತ್ತನೇ ಕಂಬದ ಕೆಳಗೆ ಮಲಗಿದವನು ಎದ್ದು ಕೂರುತ್ತಾನೆ. "ತೊಮ್ಮಾಸೊ ಎಂಬ ಹುಡುಗ, ವಯಸ್ಸು ಐದು, ಕೆಂಪು ಚಡ್ಡಿ, ಹದಿನೇಳನೇ ಕಟ್ಟೆಯಲ್ಲಿ ತಾಯಿಗಾಗಿ ಕಾಯುತ್ತಿದ್ದಾನೆ." ಇಷ್ಟು ಹೇಳಿ ಸುಮ್ಮನಿರಬೇಕು, ಅದು ನಿಯಮ. ಎರ್ಸಿಲಿಯಾ ಸುಮ್ಮನಿರುವ ಪೈಕಿಯಲ್ಲ. "ತಾಯಿಯವರು ಫೋನು ಕೆಳಗಿಟ್ಟು ಬರ್ಬೇಕು. ಮಗು ಕೈ ಹಿಡ್ಕೊಳ್ಳಿ ತಾಯೀ, ಕೈ ಹಿಡ್ಕೊಳ್ಳೋದಕ್ಕೆ ಯಾರೂ ಕಾಸು ಕೇಳಲ್ಲ!"

ಈ ಮಾತು ಊರಿನಲ್ಲಿ ಎಷ್ಟು ಹಳತೆಂದರೆ, ಕುಡಿದವನೊಬ್ಬ ಬೀದಿಯಲ್ಲಿ ತೂರಾಡಿದರೂ ಜನ ಅವಳ ದನಿ ಮಾಡಿ ಇದನ್ನೇ ಕೂಗುತ್ತಾರೆ. ಅಳುತ್ತಾ ಓಡಿಬಂದ ತಾಯಂದಿರೆಲ್ಲ ಹೇಳುವುದು ಮಾತ್ರ ಒಂದೇ ಮಾತು: "ಒಂದೇ ಒಂದು ನಿಮಿಷ ಆಚೆ ತಿರುಗಿದ್ದೆ ಅಷ್ಟೇ." ಅದನ್ನು ಕೇಳಿದರೆ ಎರ್ಸಿಲಿಯಾಗೆ ಮೈಯೆಲ್ಲ ಉರಿಯುತ್ತದೆ. "ಆ ನಿಮಿಷಾನ ಯಾವ ಗಡಿಯಾರದಲ್ಲಿ ನೋಡಿದ್ರಿ?" ಎಂದು ಕೇಳುತ್ತಾಳೆ. ಮೈಕು ಆರಿಸಿರುವುದಿಲ್ಲ.

ಸಿಟ್ಟು ಅವಳಿಗೆ ಹುಟ್ಟಿನಿಂದ ಬಂದದ್ದು, ನಿಜ. ಆದರೆ ಈ ಮೂರು ವರ್ಷಗಳ ಸಿಟ್ಟು ಬೇರೆ ಬಗೆಯದು. ಅದರ ಕಾರಣ ಅವಳ ಗೂಡಿನ ಕೆಳಗೆ, ಒಂದನೇ ಕಂಬದ ನೆರಳಿನಲ್ಲಿ, ನೀಲಿ ಕುರ್ಚಿಯ ಮೇಲೆ ಕೂತಿರುತ್ತಿತ್ತು.

ಅವಳ ಗಂಡ ಓರೆಸ್ತೆ. ಜೀವರಕ್ಷಕರ ಕೆಂಪು ದೋಣಿಗಳನ್ನು ಈ ತೀರಕ್ಕೆಲ್ಲ ಮಾಡಿಕೊಟ್ಟ ಬಡಗಿ. ಎಡಗೈಯ ಎರಡು ಬೆರಳನ್ನು ಗರಗಸಕ್ಕೆ ಕೊಟ್ಟವನು. ಈಗ ಎಪ್ಪತ್ತೊಂದು. ಮೊದಲು ಅವನಿಗೆ ಉಳಿಯ ಹೆಸರು ಮರೆತುಹೋಯಿತು, ಆಮೇಲೆ ಬೀದಿಯ ಹೆಸರು, ಕಳೆದ ಚಳಿಗಾಲದಲ್ಲಿ ಮನೆಯ ಬಚ್ಚಲು ಯಾವ ಬಾಗಿಲೆಂಬುದು. ಎರ್ಸಿಲಿಯಾ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ "ಅವನಿಗೆ ಮೊದಲಿಂದ್ಲೂ ಮಾತು ಕಮ್ಮಿ ಅಲ್ವೇನ್ರೀ" ಎಂದು ತೇಲಿಸಿಬಿಡುತ್ತಿದ್ದಳು. ಯಾಕೆಂದರೆ ಊರಿನ ಕ್ಷೌರಿಕನಿಗೆ ಹೀಗೇ ಆಗಿತ್ತು. ಕಡತ ಹಿಡಿದವರು ಬಂದರು, ನೆಂಟರು ಸಹಿ ಹಾಕಿದರು, ಗುಡ್ಡದಾಚೆಯ ವೃದ್ಧರ ಮನೆಗೆ ಒಯ್ದರು. ಅವನು ಅಲ್ಲಿ ಒಂದು ಚಳಿಗಾಲವನ್ನೂ ಕಳೆಯಲಿಲ್ಲ. ಓರೆಸ್ತೆಯ ತಂಗಿ ವಾಂಡಾ ಆಗಲೇ ಮೂಸಿ ನೋಡುತ್ತಿದ್ದಳು. "ಚರ್ಚಿನಲ್ಲಿ ಅಣ್ಣ ನನ್ನ ಮುಖ ನೋಡಿ 'ತಾವು ಯಾರು' ಅಂದ ಕಣೇ, ಎಲ್ಲಾದ್ರೂ ತೋರಿಸಬಾರದಾ?" ಎನ್ನುತ್ತಿದ್ದಳು. ಎಲ್ಲಾದರೂ ಎಂದರೆ ಎಲ್ಲಿ ಎಂದು ಎರ್ಸಿಲಿಯಾಗೆ ಗೊತ್ತಿತ್ತು.

ಅದಕ್ಕೇ ಅವಳೊಂದು ಉಪಾಯ ಮಾಡಿದ್ದಳು. ದಿನಾ ಬೆಳಿಗ್ಗೆ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ದೋಣಿಯ ಒಂದು ಹುಟ್ಟನ್ನೂ ಉಪ್ಪುಕಾಗದವನ್ನೂ ಕೊಟ್ಟು, "ಇದನ್ನ ನಯ ಮಾಡಿಕೊಡಬೇಕಂತೆ, ಜೋಪಾನ" ಎಂದು ಮೇಲೆ ಹತ್ತುತ್ತಿದ್ದಳು. ಅವನು ಉಜ್ಜುತ್ತಿದ್ದ. ಜೂನಿನಿಂದ ಅದೇ ಹುಟ್ಟು. ಆಗಸ್ಟ್ ಹೊತ್ತಿಗೆ ಅದು ಲಟ್ಟಣಿಗೆಯಷ್ಟು ಸಣ್ಣಗಾಗಿತ್ತು. ಕಂಬದಿಂದ ಹೆಂಡತಿಯ ದನಿ ಬರುತ್ತಿರುವಷ್ಟು ಹೊತ್ತು ಅವನು ಕದಲುತ್ತಿರಲಿಲ್ಲ. ಅವಳು ಯಾರನ್ನೋ ಬೈದರೆ ಕಂಬದ ಕಡೆ ತಲೆಯೆತ್ತಿ "ಸರಿಯಾಗಿ ಹೇಳಿದೆ" ಅನ್ನುತ್ತಿದ್ದ.

ಆಗಸ್ಟ್ ಹದಿನೈದು ಬಂತು, ಬೇಸಿಗೆಯ ದೊಡ್ಡ ಹಬ್ಬ. ವರ್ಷವಿಡೀ ದುಡಿದ ಇಡೀ ದೇಶ ಅಂದು ಸಮುದ್ರಕ್ಕೇ ಬಂದು ಬೀಳುತ್ತದೆ. ಬೆಳಿಗ್ಗೆ ಎಂಟಕ್ಕೇ ಕಾಲಿಡಲು ಮರಳು ಕಾಣುತ್ತಿರಲಿಲ್ಲ. ಅಲೆಯಂಚಿನಲ್ಲಿ ತಂಪಿಗೆಂದು ಹೂತಿಟ್ಟ ಕಲ್ಲಂಗಡಿಗಳು, ಮನೆಯಿಂದ ಬೇಯಿಸಿ ತಂದ ಪಾತ್ರೆ ಪಾತ್ರೆ ಲಸಾಂಯಾ, ಉಂಡ ಮೇಲೆ ಮೂರು ಗಂಟೆ ನೀರಿಗಿಳಿಯಬೇಡ ಎಂದು ಅರಚುವ ಅಜ್ಜಿಯರು, ಇಸ್ಪೀಟು, ಚೆಂಡು, ತೆಂಗಿನ ಹೋಳು ಮಾರುವವನ ಕೂಗು. ಹತ್ತು ಗಂಟೆಯೊಳಗೆ ಎರ್ಸಿಲಿಯಾ ಒಂಬತ್ತು ಮಕ್ಕಳನ್ನು ತಾಯಂದಿರಿಗೆ ಒಪ್ಪಿಸಿ, ಒಂಬತ್ತು ತಾಯಂದಿರ ಮಾನ ತೆಗೆದಿದ್ದಳು.

ಹತ್ತೂಕಾಲಿಗೆ ಮಿರ್ಕೊ ಮೆಟ್ಟಿಲು ಹತ್ತಿ ಬಂದ. ಅವನ ಅಪ್ಪ ಈ ನಲವತ್ತು ಕಂಬಗಳನ್ನು ನೆಟ್ಟವನು. ಅಪ್ಪ ಹೋದ ಮೇಲೆ ಈ ವರ್ಷದಿಂದ ಕಂಬಗಳಿಗೂ ಗೂಡಿಗೂ ಮಗನದೇ ಯಜಮಾನಿಕೆ.

"ಸಿನ್ಯೋರಾ ಎರ್ಸಿಲಿಯಾ, ಹತ್ತೂವರೆಯಿಂದ ಹನ್ನೆರಡರ ತನಕ ಇವತ್ತು ಬರೀ ಜಾಹೀರಾತು. ಪೂರ್ತಿ ಮಾರಿಬಿಟ್ಟಿದ್ದೀನಿ."

"ಮಕ್ಕಳು ಕಳೆದುಹೋದ್ರೆ?"

"ಅದಕ್ಕೂ ವ್ಯವಸ್ಥೆ ಮಾಡಿದ್ದೀನಿ. ಹೆಸರು, ವಯಸ್ಸು ಟೈಪ್ ಮಾಡಿದ್ರೆ ಕಂಪ್ಯೂಟರೇ ಹೇಳತ್ತೆ. ಹುಡುಗಿ ದನಿ, ಒಳ್ಳೆ ಸಕ್ಕರೆ ತರ ಇದೆ. ಬೈಯಲ್ಲ."

"ಬೈಯಲ್ಲ ಅಂದ್ರೆ?"

"ದೂರು ಬಂದಿದೆ. ಬೆರ್ಗಾಮೊ ಕಡೆಯೋಳು ಒಬ್ಬಳು ಫೋನ್ ಮಾಡಿದ್ಲು. ನೀವು ಬೈದಿದ್ದಕ್ಕೆ ಕಟ್ಟೆಯವರೆಲ್ಲ ತಿರುಗಿ ನೋಡಿದ್ರಂತೆ. ಮುಂದಿನ ವರ್ಷ ಬೇರೆ ಊರಿಗೆ ಹೋಗ್ತಾಳಂತೆ."

"ಹೋಗ್ಲಿ! ಅಲ್ಲೂ ಕಳ್ಕೊಳ್ಳಲಿ!" ಎರ್ಸಿಲಿಯಾ ಎದ್ದು ನಿಂತಳು. "ಲೋ ಮಿರ್ಕೊ, ಆರು ವರ್ಷದವನಿದ್ದಾಗ ಇಪ್ಪತ್ತನೇ ಕಟ್ಟೆಲಿ ಚಡ್ಡಿ ಒದ್ದೆ ಮಾಡ್ಕೊಂಡು ನಿಂತಿದ್ಯಲ್ಲ, ಆವತ್ತು ನಿನ್ನನ್ನ ನಿಮ್ಮಮ್ಮನಿಗೆ ಹುಡುಕಿಕೊಟ್ಟಿದ್ದು ಯಾವ ಸಕ್ಕರೆನೋ?"

ಮಿರ್ಕೊ ಕೆಂಪಾದ. "ಕಾಲ ಬದಲಾಗಿದೆ ಸಿನ್ಯೋರಾ. ಬೇಸಿಗೆ ಮುಗಿದ ಮೇಲೆ ಕೂತು ಮಾತಾಡೋಣ. ನಿಮಗೂ ವಯಸ್ಸಾಯ್ತು."

ಅಷ್ಟು ಸಾಕಾಯಿತು. ಅವಳು ಮೈಕು ಪಟ್ಟನೆ ಆರಿಸಿ, ಚೀಲ ಹೆಗಲಿಗೇರಿಸಿದಳು. "ಹಂಗಾದ್ರೆ ನಿನ್ನ ಸಕ್ಕರೆನೇ ಬೊಗಳಲಿ" ಎಂದು ಹಿಂದಿನ ಮೆಟ್ಟಿಲಿನಿಂದ ಬೀದಿಗೆ ಇಳಿದುಹೋದಳು. ಮುಂಬದಿಯಲ್ಲಿ, ಕುರ್ಚಿಯಲ್ಲಿ, ಓರೆಸ್ತೆ ಇದ್ದಾನೆಂಬುದು ಅವಳ ತಲೆಗೇ ಬರಲಿಲ್ಲ. ಬಂದಿದ್ದರೂ ಒಂದು ಕಾಫಿ ತಾನೇ ಎಂದುಕೊಳ್ಳುತ್ತಿದ್ದಳು.

ಒಂದು ಕಾಫಿ ಗುಟುಕಿಗೆ ಮುಗಿಯಿತು. ಸಿಟ್ಟು ಮುಗಿಯಲಿಲ್ಲ. ಬೀದಿಯಾಚೆಯ ಕಾಫಿ ಅಂಗಡಿಯಲ್ಲಿ ನಿಂತು, ಬಂದ ಗಿರಾಕಿಗೆಲ್ಲ ಮಿರ್ಕೊನ ಕಥೆ ಹೇಳಿದಳು. ಪ್ರತಿ ಸಲವೂ ಅವನ ಚಡ್ಡಿ ಇನ್ನಷ್ಟು ಒದ್ದೆಯಾಯಿತು. ಜನ ನಕ್ಕರು. ಹೊರಗೆ ಕಂಬಗಳಿಂದ ಜಾರುಬಂಡೆ, ಐಸ್‌ಕ್ರೀಮು, ಅರ್ಧ ಬೆಲೆ ಎಂದು ಆ ಹುಡುಗಿಯ ದನಿ ಉಲಿಯುತ್ತಲೇ ಇತ್ತು. ಅವಳು ಹೊರಗೆ ಬಂದಾಗ ಮುಕ್ಕಾಲು ಗಂಟೆ ಕಳೆದಿತ್ತು.

ಕುರ್ಚಿ ಖಾಲಿ. ಹುಟ್ಟು ಮರಳಿನಲ್ಲಿ ಬಿದ್ದಿತ್ತು.

ಎರ್ಸಿಲಿಯಾ ಹುಟ್ಟನ್ನೆತ್ತಿ ಕುರ್ಚಿಯ ಮೇಲಿಟ್ಟು ಸುತ್ತ ನೋಡಿದಳು. ಕೂಗಲಿಲ್ಲ. ಕೂಗಿದರೆ ಊರಿಗೆ ತಿಳಿಯುತ್ತದೆ. ತಿಳಿದರೆ ವಾಂಡಾ, ಕಡತ, ಗುಡ್ಡದಾಚೆಯ ಮನೆ. ಒಂದನೇ ಕಟ್ಟೆಯ ಕೊಡೆಗಳ ನಡುವೆ ಸುಮ್ಮನೆ ಅಡ್ಡಾಡುವವಳಂತೆ ನಡೆದು, ಇಸ್ಪೀಟು ಆಡುತ್ತಿದ್ದವರನ್ನು ಕೇಳಿದಳು. "ನಮ್ಮ ಓರೆಸ್ತೆ ಈ ಕಡೆ ಬಂದನಾ?"

"ಸಿಗರೇಟು ಸೇದೋಕೆ ಹೋಗಿರ್ತಾನೆ ಬಿಡಮ್ಮ. ಹೆಂಡ್ತಿ ಬಾಯಿಂದ ಒಂದು ಗಂಟೆ ರಜಾ ಸಿಕ್ಕಿದೆ, ಅನುಭವಿಸಲಿ!"

"ಕಳೆದುಹೋಗಿದ್ರೆ ಮೈಕಲ್ಲಿ ಕೂಗು! ಕೆಂಪು ಚಡ್ಡೀನಾ, ನೀಲೀನಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಅವರ ಎಲೆಗಳನ್ನೆಲ್ಲ ಕಿತ್ತು ಮುಖಕ್ಕೆಸೆಯಬೇಕೆನ್ನಿಸಿತು. ಎರಡನೇ ಕಟ್ಟೆ, ಮೂರನೇ ಕಟ್ಟೆ, ಐದನೇ ಕಟ್ಟೆ. ಬಿಳಿ ಟೋಪಿ ಕಂಡಲ್ಲೆಲ್ಲ ಓಡಿದಳು. ಸಾವಿರ ಬಿಳಿ ಟೋಪಿಗಳಿದ್ದವು. ನೀರಿನ ಕಡೆ ನೋಡಿದಳು, ನೋಡಬಾರದಿತ್ತು. ಬರೀ ತಲೆಗಳು. ಅವನು ಈಗ ದೋಣಿ ಹುಡುಕುತ್ತ ಸೊಂಟದುದ್ದ ನೀರಿಗೆ ಇಳಿದಿದ್ದರೆ? ಈಜು ನೆನಪಿದೆಯೋ ಇಲ್ಲವೋ ಯಾರಿಗೆ ಗೊತ್ತು?

ಇಪ್ಪತ್ತು ನಿಮಿಷ. ಮಾನ ಉಳಿಸಿಕೊಳ್ಳಲು ಅವಳು ಇಪ್ಪತ್ತು ನಿಮಿಷ ಖರ್ಚು ಮಾಡಿದಳು. ಆ ಲೆಕ್ಕಕ್ಕೆ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಗೂಡಿನೊಳಗೆ ನುಗ್ಗಿದಾಗ ಮಿರ್ಕೊ ಕಂಪ್ಯೂಟರಿನ ಮುಂದೆ ಕೂತಿದ್ದ. "ಇನ್ನೂ ಅರ್ಧ ಗಂಟೆ ಜಾಹೀರಾತಿನವರದ್ದೇ..." ಎನ್ನುವಷ್ಟರಲ್ಲಿ ಅವಳು ವೈರನ್ನು ಗೋಡೆಯಿಂದ ಕಿತ್ತೇಬಿಟ್ಟಳು. ಮೈಕು ಹಾಕಿದಳು.

"ಓರೆಸ್ತೆ. ವಯಸ್ಸು ಎಪ್ಪತ್ತೊಂದು. ನೀಲಿ ಚಡ್ಡಿ, ಬಿಳಿ ಟೋಪಿ. ಎಡಗೈಲಿ ಎರಡು ಬೆರಳಿಲ್ಲ. ಹೆಸರು ಕೇಳಿದ್ರೆ ಹೇಳ್ತಾನೆ, ಮನೆ ಎಲ್ಲಿ ಅಂದ್ರೆ ಗೊತ್ತಾಗಲ್ಲ. ನನ್ನ ಗಂಡ. ನಾನೇ ಬಿಟ್ಟು ಹೋಗಿದ್ದೆ."

ಒಂದನೇ ಕಟ್ಟೆಯಲ್ಲಿ ಇಸ್ಪೀಟಿನವರು ಎದ್ದು ನಿಂತದ್ದು ಗಾಜಿನಾಚೆ ಕಾಣಿಸಿತು. ಐದು ನಿಮಿಷವೂ ಆಗಿರಲಿಲ್ಲ, ಫೋನು ಹೊಡೆದುಕೊಂಡಿತು. ಮಿರ್ಕೊ ಎತ್ತಿ, ಅವಳಿಗೂ ಕೇಳುವಂತೆ ಹಿಡಿದ. ಇಪ್ಪತ್ತಮೂರನೇ ಕಟ್ಟೆಯ ಜೀವರಕ್ಷಕ.

"ಇಲ್ಲೊಬ್ಬರು ವಯಸ್ಸಾದೋರು ನಮ್ಮ ಕಂಬಕ್ಕೆ ಬೈತಾ ನಿಂತಿದ್ದಾರೆ. ಒಂದು ಗಂಟೆಯಿಂದ ಒಂದೊಂದೇ ಕಂಬ ತಟ್ಟಿ ನೋಡ್ಕೊಂಡು ಬಂದ್ರಂತೆ. ಈಗ ದನಿ ಬಂತು ಅಂತ ನಿಂತ್ಕೊಂಡ್ರು. ಕೈ ಹಿಡಿದ್ರೆ ಒದೀತಾರೆ. ದನಿ ನಿಂತ ಕೂಡ್ಲೇ ಮತ್ತೆ ಹೊರಟುಬಿಡ್ತಾರೆ. ಏನ್ ಮಾಡ್ಲಿ?"

ಎರ್ಸಿಲಿಯಾಗೆ ಆಗ ಹೊಳೆಯಿತು. ಅವನು ತಪ್ಪಿಸಿಕೊಂಡು ಹೋದವನಲ್ಲ. ಕಂಬದಲ್ಲಿ ಹೆಂಡತಿಯಿಲ್ಲ ಎಂದು ಹುಡುಕಿಕೊಂಡು ಹೋದವನು.

"ನಾನು ಮಾತಾಡ್ತಾನೇ ಇರ್ತೀನಿ" ಅಂದಳು. "ಕಂಬದಿಂದ ಕಂಬಕ್ಕೆ ಕರ್ಕೊಂಡು ಬರೋಕೆ ಹೇಳು. ನಾನು ನಿಲ್ಲಿಸಲ್ಲ."

ನಿಲ್ಲಿಸಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದಳು. ಹಬ್ಬದ ದಿನ, ಲಸಾಂಯಾ ಬಡಿಸುವ ಹೊತ್ತಿನಲ್ಲಿ, ನಲವತ್ತು ಕಟ್ಟೆಗಳ ಮೇಲೆ ಅವಳ ಸಿಟ್ಟು ಸುರಿಯಿತು. "ಓರೆಸ್ತೆ, ಆ ಹುಡುಗನ ಜೊತೆ ನಡಿ. ನಡಿ ಅಂದೆ. ಒದೀಬೇಡ, ಅವರಪ್ಪನಿಗೆ ದೋಣಿ ಮಾಡಿಕೊಟ್ಟೋನು ನೀನು. ಟೋಪಿ ತೆಗೀಬೇಡ, ಬಿಸಿಲು. ನಿನ್ನೆ ಸಾಬೂನನ್ನ ಬೆಣ್ಣೆ ಅಂತ ಬ್ರೆಡ್ಡಿಗೆ ಹಚ್ಚಿದ್ಯಲ್ಲ, ನಾನು ಬೈದೆ, ತಪ್ಪಾಯ್ತು. ಇಲ್ಲ, ತಪ್ಪೇನೂ ಆಗಲಿಲ್ಲ, ಒಳ್ಳೆ ಸಾಬೂನು ಹಾಳಾಯ್ತು." ಮಿರ್ಕೊ ಒಂದು ಲೋಟ ನೀರು ಮುಂದಿಟ್ಟ. "ಈ ಮಿರ್ಕೊ ನೀರು ಕೊಡ್ತಿದ್ದಾನೆ, ಇದೊಂದು ಒಳ್ಳೆ ಕೆಲಸ ಮಾಡಿದ. ಒಂಬತ್ತನೇ ಕಟ್ಟೇಲಿ ಕೂತಿರೋ ವಾಂಡಾ, ಕೇಳಿಸ್ಕೊಂಡ್ಯಾ? ಕೇಳಿಸ್ಕೋ. ಮೂರು ವರ್ಷದಿಂದ ನಿಮ್ಮಣ್ಣನಿಗೆ ನೆನಪು ಹೋಗ್ತಾ ಇದೆ. ನಾನೇ ಮುಚ್ಚಿಟ್ಟಿದ್ದು. ಅವನನ್ನ ಗುಡ್ಡದಾಚೆ ಕಳಿಸೋ ಮಾತೇನಾದ್ರೂ ಎತ್ತಿದ್ಯೋ, ನಿನ್ನ ಲಸಾಂಯಾ ಪಾತ್ರೆ ಸಮೇತ ಸಮುದ್ರಕ್ಕೆ ಸುರಿದುಬಿಡ್ತೀನಿ. ಆ ಬೆರ್ಗಾಮೊದವಳು ಎಲ್ಲಿದ್ದೀರೋ, ನೀವೂ ಕೇಳಿಸ್ಕೊಳ್ಳಿ ತಾಯೀ. ಬೈಯೋದಿದ್ರೆ ಈಗ ಬೈರಿ ನನ್ನನ್ನ. ಓರೆಸ್ತೆ, ನಿಲ್ಲಬೇಡ, ನಡಿ."

ಗಂಟಲು ಒಡೆಯಿತು. ದನಿ ಕಾಗೆಯಂತಾಯಿತು. ಆದರೂ ಬಿಡಲಿಲ್ಲ. ಮಾತು ಮುಗಿದಾಗ ನಲವತ್ತು ಕಟ್ಟೆಗಳ ಯಜಮಾನರ ಹೆಸರು ಹೇಳಿ ಒಬ್ಬೊಬ್ಬರನ್ನೇ ಬೈದಳು. ಅದು ಮುಗಿದಾಗ ಅವನು ಮಾಡಿದ ದೋಣಿಗಳ ಹೆಸರು ಹೇಳಿದಳು.

ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಮೊದಲು ಬಂದವಳು ವಾಂಡಾ. ಅತ್ತು ಅತ್ತು ಮುಖವೆಲ್ಲ ಊದಿತ್ತು, ಬಟ್ಟೆ ಮುಚ್ಚಿದ ಲಸಾಂಯಾ ಪಾತ್ರೆ ಕಂಕುಳಲ್ಲಿತ್ತು. "ಪಾತ್ರೆ ಇಲ್ಲೇ ತಂದಿದ್ದೀನಿ, ಸುರೀತೀಯಾ ಸುರಿ" ಎಂದು ಮೇಜಿನ ಮೇಲೆ ಕುಕ್ಕಿದಳು. "ನನಗೆ ಹೇಳಬಾರದಿತ್ತೇನೇ?" ಅವಳ ಹಿಂದೆ ಜೀವರಕ್ಷಕ, ಅವನ ಹಿಂದೆ ಓರೆಸ್ತೆ. ಬಿಸಿಲಿಗೆ ಮೂಗು ಕೆಂಪಾಗಿತ್ತು, ಅಂಗಾಲು ಸುಟ್ಟು ಕುಂಟುತ್ತಿದ್ದ, ತುಂಬಾ ಸಿಟ್ಟಿನಲ್ಲಿದ್ದ. ನಲವತ್ತೈದು ವರ್ಷಗಳ ಸಂಸಾರದಲ್ಲಿ ಎರ್ಸಿಲಿಯಾ ಅವನ ಸಿಟ್ಟನ್ನು ನೋಡಿದ್ದು ಅದೇ ಮೊದಲು.

"ಎಲ್ಲಿ ಹೋಗಿದ್ದೆ?" ಎಂದು ಗದರಿದ. "ಎಷ್ಟು ಕಂಬ ನೋಡಿದೆ ನಾನು! ಒಂದರಲ್ಲೂ ನೀನಿಲ್ಲ. ಎಲ್ಲಿ ಹೋಗಿದ್ದೆ ಹೇಳು!"

ಅವಳ ಬಾಯಿಂದ ಒಂದೇ ಒಂದು ಮಾತು ಹೊರಟಿತು, ಮೂವತ್ತನಾಲ್ಕು ವರ್ಷ ಅವಳು ಉಗಿದು ಹಾಕಿದ್ದ ಮಾತು.

"ಒಂದೇ ಒಂದು ನಿಮಿಷ ಆಚೆ ತಿರುಗಿದ್ದೆ ಅಷ್ಟೇ."

ಮೈಕು ಇನ್ನೂ ಹಾಕಿಯೇ ಇತ್ತು. ನಲವತ್ತು ಕಂಬಗಳೂ ಅದನ್ನು ಹೇಳಿದವು. ಕೆಳಗೆ ಯಾರೂ ನಗಲಿಲ್ಲ.

ಓರೆಸ್ತೆ ಮೂರು ಬೆರಳಿನ ಕೈಯನ್ನು ಅವಳ ಮುಂದೆ ಚಾಚಿದ. ಅವನಿಗೆ ಮನೆಯ ದಾರಿ ಮರೆತಿತ್ತು, ತಂಗಿಯ ಹೆಸರು ಮರೆತಿತ್ತು. ಬೇಸಿಗೆಯುದ್ದಕ್ಕೂ ಕಂಬದಿಂದ ಕೇಳಿದ್ದು ಮಾತ್ರ ಮರೆತಿರಲಿಲ್ಲ.

"ಕೈ ಹಿಡ್ಕೊಳ್ಳಿ ತಾಯೀ" ಎಂದ, ಸಿಟ್ಟಿನಿಂದಲೇ. "ಕೈ ಹಿಡ್ಕೊಳ್ಳೋದಕ್ಕೆ ಯಾರೂ ಕಾಸು ಕೇಳಲ್ಲ."